ಪಿನ್‌ಗೆ ಇಟ್ಟ ಲೋಕಲ್ ಟೈಮ್

ಇಸ್ತಾಂಬುಲ್‌ನ ಫೆರಿ ಕೌಂಟರಿನಲ್ಲಿ ಎರಡು ಸಲ ತಪ್ಪು ಪಿನ್ ಒತ್ತಿದ್ದೆ. ಇನ್ನೊಮ್ಮೆ ತಪ್ಪಿದರೆ ಕಾರ್ಡ್ ಲಾಕ್. ಕಾರ್ಡನ್ನೇ ನಂಬಿ ಬಂದ ನಮ್ಮ ಹತ್ತಿರ ನಗದು ಇರಲಿಲ್ಲ.

"ನೀವು ದಿನಾ ಡೊಂಬಿವ್ಲಿಯಲ್ಲಿ ಹಿಡಿಯೋ ಫಾಸ್ಟ್ ಲೋಕಲ್ ಟ್ರೈನಿನ ಟೈಮೇ ಅಲ್ವೇನ್ರೀ ಪಿನ್?" ಎಂದಳು ಹೆಂಡತಿ.

"ಹೌದು. ಎಂಟು ಹದಿನೇಳು ಒತ್ತಿದೆ, ಎಂಟು ಹತ್ತೊಂಬತ್ತೂ ಒತ್ತಿದೆ. ಇಪ್ಪತ್ತು ವರ್ಷ ಆ ಗಾಡಿ ಹಿಡಿದದ್ದೇ ಸುಳ್ಳೇನೋ!"

ಹಿಂದೆ ಸಾಲಿನಲ್ಲಿದ್ದ ಅಪರಿಚಿತರೊಬ್ಬರಿಗೆ ತಡೆಯಲಾಗಲಿಲ್ಲ. "ಎಂಟು ಹದಿನಾಲ್ಕು ಮಾರಾಯ್ರೆ! ನಾನು ಕಲ್ಯಾಣದಿಂದ ಅದರಲ್ಲೇ ಬರುವುದು. ಡೊಂಬಿವ್ಲಿ ಬಂದಾಗ ಬಾಗಿಲಲ್ಲಿ ನಿಂತು ನಿಮ್ಮಂಥವರನ್ನು ಹತ್ತಲಿಕ್ಕೆ ಬಿಡದವರಲ್ಲಿ ನಾನೂ ಒಬ್ಬ."

ಅರೆಮನಸ್ಸಿನಿಂದಲೇ ೦೮೧೪ ಒತ್ತಿದೆ. ಟಿಕೆಟ್ ಬಂತು.

ಫೆರಿ ಅರ್ಧ ಖಾಲಿಯಿತ್ತು. ಆದರೂ ಅವರೂ ನಾನೂ ಕಿಟಕಿ ಸೀಟಿಗೆ ಓಡಿದೆವು. ಅಷ್ಟರಲ್ಲಿ ನನ್ನ ಹೆಂಡತಿ ಅಲ್ಲಿ ಕೂತಾಗಿತ್ತು.