ಹ್ಯಾಂಡಲ್‌ಗೆ ಸಿಕ್ಕ ಪರ್ಮಿಷನ್

ನಂಜನಗೂಡಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಮೈಸೂರಿನಲ್ಲಿದ್ದರು. ನಮ್ಮ ಕಣ್ಣಿಗೆ ಕಾಣುತ್ತಿದ್ದದ್ದು ಅವರ ಮ್ಯಾನೇಜರ್ ಮಾತ್ರ. ನಲ್ಲಿ ಸೋರಿದರೆ ಯಾರು ರಿಪೇರಿ ಮಾಡಿಸಬೇಕು, ನೆಂಟರು ಎಷ್ಟು ದಿನ ಇರಬಹುದು, ಬೆಕ್ಕು ಸಾಕಬಹುದೇ? ಎಲ್ಲಕ್ಕೂ ಆತ ದನದ ಮೈ ಸವರಿದಂತೆ ಗೋಡೆ ಸವರುತ್ತ, "ಕೇಳಿ ಯೋಳ್ತೀನಿ ಮೇಡಂ" ಎನ್ನುತ್ತಿದ್ದ.

"ಸೀನೋಕೂ ಪರ್ಮಿಷನ್ ಬೇಕೇನಯ್ಯಾ?" ಎಂದು ನಮ್ಮವರು ರೇಗಿಸಿದರೆ, "ಅದ್ನೂ ಕೇಳಿ ಯೋಳ್ತೀನಿ ಸಾ" ಎಂದು ನಗುತ್ತಿದ್ದ.

ಸ್ಟ್ರೋಕ್ ಆದಮೇಲೆ ನಮ್ಮವರಿಗೆ ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಒಂದು ಹ್ಯಾಂಡಲ್ ಬೇಕಾಯಿತು. ಗೋಡೆಗೆ ಮೊಳೆ ಹೊಡೆಯಬಾರದೆಂಬುದು ಓನರ್ ರೂಲ್. ನನ್ನದು ಕಾನ್ವೆಂಟ್ ಬುದ್ಧಿ, ರೂಲ್ ಎಂದರೆ ರೂಲ್, ಮ್ಯಾನೇಜರ್‌ಗೆ ಹೇಳಿ ಕಾದೆ. ಓನರ್ ಫೋನಿಗೆ ಸಿಗದೆ, ಮೂರನೇ ವಾರ ಆತನೇ ಮೈಸೂರಿಗೆ ಹೋಗಿ ಎರಡು ದಿನ ಅವರ ಗೇಟಿನ ಮುಂದೆ ಕಾದನಂತೆ.

ಬಸ್ಸಿಳಿದವನೇ ನೇರ ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ಹೊಸ ಸ್ಟೀಲ್ ಹ್ಯಾಂಡಲ್ ಇತ್ತು. "ಹೂಂ ಅಂದ್ಬುಟ್ರು ಮೇಡಂ! ಎಷ್ಟೆತ್ರಕ್ಕೆ ಒಡೀಲಿ? ಸಾರ್‌ನ ಕೇಳಿ."

ನಮ್ಮವರು ಹಿಂದಿನ ದಿನ ಬೆಳಿಗ್ಗೆ ಅದೇ ಬಾತ್‌ರೂಮಿನಲ್ಲಿ ಜಾರಿ ಬಿದ್ದಿದ್ದರು. ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ಕೇಳಿ ಹೇಳುತ್ತೇನೆ ಎನ್ನಲು ಒಳಗೆ ಅವರಿರಲಿಲ್ಲ.