ಅಕ್ಕನ ಕಾಲು, ಮೇಸ್ತ್ರಿಯ ಕಿವಿ

ಮಧ್ಯಾಹ್ನ ಮೂರರ ಹೊತ್ತಿಗೆ ಕಾರು ರಿಪೇರಿಯ ಆ ಶೆಡ್ಡಿಗೆ ಒಂದು ಮಂಪರು ಕವಿಯುತ್ತಿತ್ತು. ಮಾಡಿನ ತಗಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತಿತ್ತು, ಅದರೊಳಗೆ ಧೂಳು ಯಾವ ಅವಸರವೂ ಇಲ್ಲದೆ ತೇಲಾಡುತ್ತಿತ್ತು. ಆ ಹೊತ್ತಿನಲ್ಲಿ ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅದನ್ನು ಅವನು ‘ಯೋಚನೆ’ ಅನ್ನುತ್ತಿದ್ದ, ಹೆಂಡತಿ ‘ಗೊರಕೆ’ ಅನ್ನುತ್ತಿದ್ದಳು.

ಊರಿಗೆಲ್ಲ ಅವನು ಕಿವಿ ಮೇಸ್ತ್ರಿ. ಬಾನೆಟ್ ಎತ್ತಿ, ತಲೆ ಓರೆ ಮಾಡಿ ನಿಂತನೆಂದರೆ ಎಂಜಿನ್ನು ಹೊಟ್ಟೆಯೊಳಗಿನ ಗುಟ್ಟನ್ನೆಲ್ಲ ಅವನ ಮುಂದೆ ಕಕ್ಕುತ್ತಿತ್ತು. ಬೇರೆ ಮೇಸ್ತ್ರಿಗಳು ಪೆಡಲ್ ಒತ್ತಿ, ಪೈಪು ಕಿತ್ತು, ಒಂದೊಂದಾಗಿ ಪರೀಕ್ಷಿಸುತ್ತಿದ್ದರು. ಅಂಥದ್ದಕ್ಕೆಲ್ಲ ಅವನು ಇಟ್ಟ ಹೆಸರು ‘ಕಿವುಡರ ಪರೀಕ್ಷೆ’. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅದಕ್ಕೆ ಇಳಿದವನಲ್ಲ.

ಅವತ್ತು ಅವನ ಯೋಚನೆಯ ನಡುವೆ ಅಕ್ಕನ ಹಳೇ ಕಾರು ಬಂದು ನಿಂತಿತು. ನಿಂತಿತು ಅನ್ನುವುದಕ್ಕಿಂತ, ಟೈರುಗಳ ಗುಡ್ಡೆಯೊಂದು ಅದನ್ನು ನಿಲ್ಲಿಸಿತು.

“ನೋಡಿದ್ರಾ ಮಾವ?” ಪಕ್ಕದ ಸೀಟಿನಿಂದ ಇಳಿದ ಅಕ್ಕನ ಮಗಳ ಮುಖದಲ್ಲಿ ರಕ್ತವೇ ಇರಲಿಲ್ಲ. “ಹೋದ ವಾರ ತರಕಾರಿ ಗಾಡಿ, ಇವತ್ತು ನಿಮ್ಮ ಟೈರು. ಅಮ್ಮನ ಕಾಲಲ್ಲಿ ಬಲ ಇಲ್ಲ. ನೀವಾದ್ರೂ ಹೇಳಿ, ಕೀ ನನಗೆ ಕೊಟ್ಬಿಡಲಿ.”

“ನನ್ನ ಕಾಲಿಗೇನಾಗಿದೆಯೇ? ಬ್ರೇಕು ಕಲ್ಲಾಗಿದೆ,” ಅಂದಳು ಅಕ್ಕ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಈಗಲೂ ದಿನಾ ಆ ಕಾರಿನಲ್ಲಿ ಊರಾಚೆಯ ಬೀದಿಗಳಿಗೆ ಹೋಗಿ ಬಾಣಂತಿಯರನ್ನು ಗದರಿಸಿ, ಕೂಸುಗಳನ್ನು ತೂಗಿ ಬರುತ್ತಿದ್ದಳು. ಕೀ ಹೋದರೆ ಅದೂ ಹೋದ ಹಾಗೆ. “ನೀನೇ ನೋಡಿ ಹೇಳೋ. ನಿನ್ನ ಮಾತಿಗೆ ಇಬ್ಬರೂ ಒಪ್ಪಿದೀವಿ.”

ಮೇಸ್ತ್ರಿ ಎಂಜಿನ್ ಓಡಲು ಬಿಟ್ಟು ಬಾನೆಟ್ ಎತ್ತಿದ. ನಮ್ಮಂಥ ದಡ್ಡರಿಗೂ ತಿಳಿಯುವ ಹಾಗೆ ಹೇಳಬೇಕೆಂದರೆ, ಬ್ರೇಕನ್ನು ನಾವೇ ಒತ್ತುತ್ತೇವೆ ಅನ್ನುವುದು ಬರೀ ಜಂಬ. ಎಂಜಿನ್ ಗಾಳಿ ಹೀರುತ್ತದೆ. ಆ ಹೀರುವ ಬಲ ಒಂದು ರಬ್ಬರ್ ಪೈಪಿನಲ್ಲಿ ಹಾದು, ಬೂಸ್ಟರ್ ಅನ್ನುವ ದುಂಡನೆಯ ಡಬ್ಬಿಗೆ ಬಂದು, ನಮ್ಮ ಕಾಲಿಗೆ ಹೆಗಲು ಕೊಡುತ್ತದೆ. ಪೈಪು ಸೀಳಿದರೆ ಹೆಗಲಿಲ್ಲ, ಪೆಡಲ್ ಕಲ್ಲು. ಸೀಳಿದ ಕಡೆ ಬುಸ್ಸೆಂದು ಸದ್ದು ಬರುತ್ತದೆ.

ಅವನು ಕಣ್ಣು ಮುಚ್ಚಿ ಕಿವಿ ಕೊಟ್ಟ. ಎಂಜಿನ್ನಿನ ಗುನುಗು ಎಲ್ಲೋ ಹತ್ತಿಯ ಮೂಟೆಗಳಾಚೆಯಿಂದ ಬಂದಂತಿತ್ತು. ಈಚೆಗೆ ಲೋಕವೆಲ್ಲ ಹಾಗೇ. ಹಕ್ಕಿಗಳು ಮೆತ್ತಗಾಗಿದ್ದವು, ಹೆಂಡತಿ ಕೂಡ ಮೃದುವಾಗಿದ್ದಳು. ವಯಸ್ಸಾದ ಮೇಲೆ ಬರುವ ಶಾಂತಿ ಇದೇ ಇರಬೇಕೆಂದು ಅವನು ಒಳಗೊಳಗೇ ಹಿಗ್ಗಿದ್ದ. ಬುಸ್ ಇರಲಿಲ್ಲ, ಉಸ್ ಕೂಡ ಇರಲಿಲ್ಲ.

“ಬೂಸ್ಟರ್ ಸರಿಯಾಗೇ ಇದೆ ಅಕ್ಕ,” ಅಂದ.

ಅಕ್ಕ ಜಗಳ ತೆಗೆಯಲಿಲ್ಲ. ಎಂಜಿನ್ ಆರಿಸಿ, ಕೀ ಕಿತ್ತು, ಅದನ್ನು ಅಂಗೈಯಲ್ಲಿ ಮಗುಚಿ ನೋಡಿದಳು. ಆಮೇಲೆ ಬಗ್ಗಿ ತನ್ನ ಬಲಗಾಲನ್ನು ನೋಡಿದಳು, ಬೇರೆ ಯಾರದೋ ಕಾಲು ತಪ್ಪಿ ತನ್ನ ಚಪ್ಪಲಿಗೆ ಬಂದು ಸೇರಿದೆಯೇನೋ ಅನ್ನುವಂತೆ. ಮಗಳು ಚಾಚಿದ ಕೈ ಕೂಡ ಅರ್ಧದಲ್ಲೇ ನಿಂತಿತು.

ಅಕ್ಕನ ಬಾಯಿ ಸುಮ್ಮನಾದದ್ದನ್ನು ಮೇಸ್ತ್ರಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

“ತಡಿ, ಇಳಿ ಒಂಚೂರು,” ಅಂದ. “ಇನ್ನೊಂದು ಪರೀಕ್ಷೆ ಇದೆ.”

“ಯಾವುದು ಮಾವ? ಕಿವುಡರದ್ದಾ?” ಸೋದರಸೊಸೆ ಕೇಳಿದಳು.

ಮೇಸ್ತ್ರಿ ಅಕ್ಕನ ಕೈಯಿಂದ ಕೀ ಇಸಿದುಕೊಂಡ. ಸೀಟಿನಲ್ಲಿ ಕೂತು, ಎಂಜಿನ್ ಆರಿದ್ದಂತೆಯೇ ಪೆಡಲನ್ನು ಐದಾರು ಸಲ ಒತ್ತಿ ಡಬ್ಬಿಯಲ್ಲಿ ಉಳಿದಿದ್ದ ಬಲವನ್ನೆಲ್ಲ ಖಾಲಿ ಮಾಡಿದ. ಕಾಲನ್ನು ಪೆಡಲ್ ಮೇಲೇ ಬಿಗಿಹಿಡಿದು ಸ್ಟಾರ್ಟ್ ಮಾಡಿದ. ಬೂಸ್ಟರಿಗೆ ಬಲ ಬಂದರೆ ಈಗ ಪೆಡಲ್ ತಾನಾಗಿ ಕೊಂಚ ಇಳಿಯಬೇಕು.

ಇಳಿಯಲಿಲ್ಲ. ಅವನ ಗಟ್ಟಿಮುಟ್ಟು ಕಾಲಿಗೂ ಕಲ್ಲೇ.

ಅವನು ಇಳಿದು ಬಾನೆಟ್ಟಿನ ಕಡೆ ಓಡಿದ. ಡಬ್ಬಿಯ ಕಡೆಯಿಂದ ಪೈಪು ಬಿಡಿಸಿ ಅದರ ಬಾಯಿಗೆ ಹೆಬ್ಬೆರಳಿಟ್ಟ. ಗಟ್ಟಿಯಾಗಿ ಕಚ್ಚಿ ಹೀರಬೇಕಾದದ್ದು ಹಲ್ಲಿಲ್ಲದ ಬಾಯಿಯಂತೆ ಸುಮ್ಮನೆ ಚೀಪಿತು. ಅಷ್ಟರಲ್ಲಿ ಅಕ್ಕ ಹಿಂದಿನಿಂದ ಬಗ್ಗಿ ನೋಡಿದಳು.

“ಕೆಳಗಡೆ ಅಲ್ಲಿ ಬುಸ್ ಅಂತಿದೆಯಲ್ಲೋ!”

“ಎಲ್ಲಿ?”

“ಆ ಕ್ಲಿಪ್ಪಿನ ಹಿಂದೆ. ಕುಕ್ಕರ್ ಕೂಗೋ ಹಾಗೆ ಕೂಗ್ತಿದೆ! ನಿಂಗೆ ಕೇಳಿಸ್ತಿಲ್ವಾ?”

“ನನಗೂ ಕೇಳಿಸ್ತಿದೆ ಮಾವ,” ಅಂದಳು ಸೊಸೆ, ಮೆಲ್ಲಗೆ. ಆ ಮೆಲ್ಲಗಿನ ಮಾತೂ ಅವನಿಗೆ ಅವಳ ತುಟಿ ನೋಡಿಯೇ ಗೊತ್ತಾದದ್ದು.

ಕ್ಲಿಪ್ಪಿನ ಹಿಂದೆ ಬೆರಳಾಡಿಸಿದ. ಉಗುರುದ್ದದ ಸೀಳು ಅವನ ಬೆರಳನ್ನು ಹೀರಿಕೊಂಡಿತು.

ಎಂಜಿನ್ ತಣಿದ ಮೇಲೆ ಹೊಸ ಪೈಪು ಹಾಕಿ ಎರಡೂ ತುದಿ ಬಿಗಿದ. ಮತ್ತೆ ಪೆಡಲ್ ಒತ್ತಿಹಿಡಿದು ಸ್ಟಾರ್ಟ್ ಮಾಡುವ ಕೆಲಸವನ್ನು ಅಕ್ಕನಿಗೇ ಬಿಟ್ಟ. ನಿದ್ದೆ ಹತ್ತಿದ ಮಗು ಹೆಗಲ ಮೇಲೆ ತಲೆಯಿಳಿಸುವಂತೆ ಪೆಡಲ್ ಅವಳ ಕಾಲ ಕೆಳಗೆ ಮೆತ್ತಗೆ ಇಳಿಯಿತು. ಸೊಸೆ ಕಣ್ಣೊರೆಸಿಕೊಂಡು, “ಸರಿ ಬಿಡಮ್ಮ, ಕಾಲು ಪಾಸು,” ಅಂದಳು.

“ಕಾಲಿನ ಮಾತು ಮುಗೀತು,” ಅಂದಳು ಅಕ್ಕ. “ಏಯ್, ನೀನು ಬಂದು ಕೂತ್ಕೋ. ಕಿವಿ ಡಾಕ್ಟರು ಐದೂವರೆವರೆಗೂ ಇರ್ತಾರೆ.”

“ನನಗೇನಾಗಿದೆ ಅಕ್ಕ? ಅದು ಸಣ್ಣ ಸೀಳು, ಸದ್ದು—”

“ಕೂತ್ಕೋ ಅಂದೆ.”

ಕೂತ. ಸೊಸೆಯನ್ನು ಶೆಡ್ಡಿಗೆ ಕಾವಲಿಟ್ಟು ಇಬ್ಬರೂ ಹೊರಟರು. ಇಳಿಬಿಸಿಲಿನಲ್ಲಿ ಬೀದಿ, ಸೈಕಲ್ಲುಗಳು, ಕಿಟಕಿಗಳು ಎಲ್ಲ ನೀರಿನೊಳಗಿನ ಚಿತ್ರದಂತೆ ಸದ್ದಿಲ್ಲದೆ ಹಿಂದಕ್ಕೆ ಸರಿಯುತ್ತಿದ್ದವು. ಇಷ್ಟು ಚೆಂದದ ನಿಶ್ಶಬ್ದವನ್ನು ರಿಪೇರಿಗೆ ಕೊಡಬೇಕಲ್ಲ ಅಂತ ಅವನಿಗೆ ಕೊಂಚ ಹೊಟ್ಟೆ ಉರಿಯಿತು. ನಾಲ್ಕು ರಸ್ತೆ ಕೂಡುವಲ್ಲಿ ಅಕ್ಕ ಕಾರನ್ನು ನಯವಾಗಿ ನಿಲ್ಲಿಸಿ, ರಸ್ತೆ ನೋಡುತ್ತಲೇ ಏನೋ ಅಂದಳು.

ಅವನು ಅಭ್ಯಾಸದಂತೆ ನಕ್ಕು ‘ಹೂಂ’ ಅಂದ.

ಅವಳು ತಿರುಗಿ ನೋಡಿದಳು. ದೀಪ ಹಸಿರಾಗಿತ್ತು, ಆದರೂ ಅವಳು ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರೇನೋ.

“ಕೇಳಿಸಲಿಲ್ಲ ಅಕ್ಕ,” ಅಂದ ಅವನು ಕೊನೆಗೆ. “ಇನ್ನೊಂದ್ಸಲ ಹೇಳು.”