ಎತ್ತುಗಳ ಸೋಮವಾರ

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಮೈ ತೊಳೆಸಿಕೊಂಡ ಎತ್ತುಗಳು ಬೇವಿನ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ನೇಗಿಲು, ಕುಂಟೆ ಯಾವುದರ ನೆನಪೂ ಅವಕ್ಕೆ ಇದ್ದಂತೆ ಕಾಣುತ್ತಿರಲಿಲ್ಲ. ಕುಣಿಕೋಣೂರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಮ್ಮ ಯಜಮಾನರೂ ಆ ದಿನ ಹಾಗೆಯೇ ಇದ್ದಾರು ಎಂದು ನಾನು ಅಂದುಕೊಂಡಿದ್ದೆ. ಎಂಥ ಹುಚ್ಚಿ ನಾನು.

ಅವರು ಸೋಮವಾರ ಹೊಲಕ್ಕೆ ಹೋಗುತ್ತಿರಲಿಲ್ಲ, ನಿಜ. ಹೊಲವೇ ಮನೆಗೆ ಬರುತ್ತಿತ್ತು. ರೊಟ್ಟಿ ಮುರಿಯುತ್ತ ಒಡ್ಡಿನ ಮಾತು, ಎಲೆ ಅಡಿಕೆ ಅಗಿಯುತ್ತ ಕಸದ ಮಾತು. ಮಾತು ನಿಂತರೆ ತೊಡೆಯ ಮೇಲೆ ಬೆರಳಿನಿಂದ ಸಾಲು ಎಳೆಯುತ್ತ ಕೂಡುತ್ತಿದ್ದರು. ಎದುರಿಗೆ ನಾನು ಕುಳಿತಿದ್ದರೂ ಅಷ್ಟೇ, ಗೋಡೆ ಇದ್ದರೂ ಅಷ್ಟೇ. ಬರಬರುತ್ತ ಆ ಬೆರಳು ಕಂಡರೇ ನನಗೆ ಹೇಸಿಕೆ ಬರತೊಡಗಿತು.

ಒಂದು ವರ್ಷ ಮುಂಗಾರಿನ ಸಜ್ಜೆ ಗೇಣುದ್ದ ಎದ್ದಿದ್ದಾಗ ನಾನು ಮೊದಲ ಸಲ ಬಸಿರಾದೆ. ತುಂಬಿದ ಮನೆಯ ಕತ್ತಲಲ್ಲಿ ಪಿಸುಗುಟ್ಟಿ ಅದನ್ನು ಹೇಳಲು ನನಗೆ ಮನಸ್ಸಾಗಲಿಲ್ಲ. ಹಗಲಲ್ಲಿ, ಅವರ ಮುಖ ನೋಡುತ್ತ ಹೇಳಬೇಕಿತ್ತು. ಉಟಗಿಯ ನನ್ನ ತವರಿಗೆ ಹೋಗಿಬರೋಣವೆಂದು ಒಂದು ಸೋಮವಾರ ಅವರನ್ನು ಹೊರಡಿಸಿದೆ. ಗಾಡಿ ಹೂಡುವಂತಿಲ್ಲ, ಎಸ್ಟಿ ಬಸ್ಸಿಗೆಂದು ಸಡಕಿನವರೆಗೆ ನಡೆದು ಮರದ ಕೆಳಗೆ ಕುಳಿತೆವು. ಹತ್ತಿರ ಯಾರೂ ಇರಲಿಲ್ಲ. ಹೇಳಿಬಿಟ್ಟೆ.

ತೊಡೆಯ ಮೇಲಿನ ಬೆರಳು ನಿಂತಿತು. ನನ್ನ ಎದೆ ತುಂಬಿ ಬಂತು. ಅವರು ನಿಧಾನವಾಗಿ ಬೆರಳ ಗೆಣ್ಣುಗಳ ಮೇಲೆ ತಿಂಗಳು ಎಣಿಸಿದರು, ನಾನು ನಗುತ್ತ ನೋಡುತ್ತಿದ್ದೆ. ಆಮೇಲೆ ಅಂದರು:

“ಹಂಗಾದ್ರ ಬಿಳಿಜ್ವಾಳದ ಸುಗ್ಗಿಗೆ ನೀ ಇರೂದಿಲ್ಲ. ಒಂದ ಆಳ ಕಡಿಮಿ ಬಿತ್ತು.”

ಬಾಯೊಳಗಿನ ಉಗುಳೆಲ್ಲ ಕಹಿಯಾಯಿತು. ಅದು ಬಸುರಿಯ ವಾಕರಿಕೆಯಲ್ಲ. ಸಿಟ್ಟಾಗಿದ್ದರೆ ಉಟಗಿ ಮುಟ್ಟುವುದರೊಳಗೆ ಇಳಿಯುತ್ತಿತ್ತು, ಇದು ಇಳಿಯಲಿಲ್ಲ. ಬಸ್ಸಿನಲ್ಲಿ ಅವರು ದಾರಿಯುದ್ದಕ್ಕೂ ಕಿಟಕಿಯಿಂದ ಕಂಡವರ ಸಜ್ಜೆ ನೋಡುತ್ತ ಬಂದರು. ತವರಿನಲ್ಲಿ ಅವ್ವ ಬಡಿಸಿದ ಹೋಳಿಗೆಯ ರುಚಿ ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಕೂಸು ಹುಟ್ಟಿದ್ದು ಸುಗ್ಗಿಯಲ್ಲೇ, ತವರಿನಲ್ಲೇ. ಸುದ್ದಿ ಕೂಡಲೇ ಮುಟ್ಟಿದರೂ ಅವರು ಬಂದದ್ದು ಎತ್ತುಗಳಿಗೆ ಬಿಡುವಿದ್ದ ಸೋಮವಾರ. ಅವ್ವ ಕೂಸನ್ನು ಅವರ ತೊಡೆಯ ಮೇಲೆ ಮಲಗಿಸಿದಳು. ಅವರು ಮುಖ ನೋಡುವ ಮೊದಲೇ ಅದರ ಮುಷ್ಟಿ ಬಿಡಿಸಿ, ತಮ್ಮ ಬೆರಳು ತುರುಕಿ ಜಗ್ಗಿದರು.

“ಹಿಡಿ ಗಟ್ಟಿ ಐತಿ. ಕುಡಗೋಲ ಚಲೋ ಹಿಡಿತೈತಿ.”

ಅವ್ವ ನಕ್ಕಳು. ನಾನು ಎದ್ದು ಕುಳಿತು, ಅವರ ಬೆರಳಿನಿಂದ ಆ ಪುಟ್ಟ ಕೈಯನ್ನು ಬಿಡಿಸಿ ಬಟ್ಟೆಯೊಳಗೆ ಸೇರಿಸಿದೆ.

“ಇವತ್ತ ಸೋಮವಾರ ಐತ್ರಿ” ಅಂದೆ.